ಪರೋಕ್ಷ ವಿನಯ

ನಮ್ಮ ನಾಡಿನ ಹಳೆಯ ಶಾಸನಗಳನ್ನು ಓದುವವರಿಗೆ 'ಪರೋಕ್ಷವಿನಯ' ಎಂಬ ಪದ ಹೊಸದಲ್ಲ. ಮನೆಯ ಹಿರಿಯರೋ ಗುರುವೋ ತೀರಿಕೊಂಡಾಗ ಅವರ ಮಗ, ಮಗಳು, ಹೆಂಡತಿ ಅಥವಾ ಶಿಷ್ಯ ಒಂದು ಕಲ್ಲು ನಿಲ್ಲಿಸುತ್ತಿದ್ದರು, ಇಲ್ಲವೇ ಒಂದು ನಿಸಿಧಿ ಕಟ್ಟಿಸುತ್ತಿದ್ದರು. ಇದನ್ನು ಇಂಥವರಿಗೆ ಪರೋಕ್ಷವಿನಯವಾಗಿ ಮಾಡಿಸಿದೆವು ಎಂದು ಬರೆಸುತ್ತಿದ್ದರು. ಪರೋಕ್ಷ ಎಂದರೆ ಕಣ್ಣಿಗೆ ಕಾಣದ್ದು. ವಿನಯ ಎಂದರೆ ಗೌರವದ ನಡವಳಿಕೆ. ಎದುರಿಗಿರುವ ಹಿರಿಯರಿಗೆ ನಾವು ಎದ್ದು ನಿಲ್ಲುತ್ತೇವೆ, ಸಲಾಂ ಹೇಳುತ್ತೇವೆ, ಕುಡಿಯಲು ನೀರು ಕೊಡುತ್ತೇವೆ. ಅವರು ಕಣ್ಮರೆಯಾದ ಮೇಲೆ ಆ ನಡವಳಿಕೆ ಅಲ್ಲಿಗೇ ಮುಗಿಯಿತೇ? ಮುಗಿಯಲಿಲ್ಲ, ಅದರ ರೂಪ ಮಾತ್ರ ಬದಲಾಯಿತು ಎಂಬುದು ಈ ಒಂದು ಪದದೊಳಗಿನ ತಿಳಿವಳಿಕೆ.

ಉರ್ದು ಬಲ್ಲವರಿಗೆ ಇದನ್ನು ಓದಿದಾಗ 'ಗೈಬ್' ಎಂಬ ಪದ ನೆನಪಾಗದೆ ಇರದು. ಅದೂ ಕಣ್ಣಿಗೆ ಕಾಣದ್ದೇ. ಕೊಪ್ಪಳದಲ್ಲಿ ಮರ್ದಾನ್-ಎ-ಗೈಬ್ ಎಂಬ ಹೆಸರಿನ ದರ್ಗಾ ಇದೆ. ಕಾಣದ ಲೋಕದ ಪುರುಷರು ಎಂದು ಅದರ ಅರ್ಥ. ಜಾತಿ ಮತ ನೋಡದೆ ಜನ ಅಲ್ಲಿಗೆ ಸಕ್ಕರೆ ಓದಿಸಲು ಹೋಗುತ್ತಾರೆ. ಅದೇ ಅರಬ್ಬಿ ಮೂಲದಿಂದ ಬಂದ ಇನ್ನೊಂದು ಪದ 'ಗಾಯಬ್'. ಸಂತೆಯಲ್ಲಿ ಚೀಲ ಕಳೆದುಕೊಂಡವನೂ, ಮನೆ ಬಿಟ್ಟುಹೋದ ಮಗನನ್ನು ಹುಡುಕುವ ತಾಯಿಯೂ ನಮ್ಮ ಸೀಮೆಯಲ್ಲಿ ಇದೇ ಪದ ಬಳಸುತ್ತಾರೆ. ಕಣ್ಮರೆಯಾದವರಲ್ಲಿ ಗೌರವ ಪಡೆದವರು ಗೈಬ್‌ಗೆ ಸೇರಿದರು. ಗುರುತೂ ಸಿಗದೆ ಹೋದವರು ಗಾಯಬ್ ಆದರು. ಇವೆರಡರ ನಡುವಿನ ಅಂತರ ಉಳಿದವರು ಏನು ಮಾಡಿದರು ಎಂಬುದರ ಮೇಲೆ ನಿಂತಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಚರಿತ್ರೆಯನ್ನು ಒಮ್ಮೆ ಈ ಕಣ್ಣಿನಿಂದ ನೋಡಬೇಕೆನಿಸಿ ಈ ಬರಹ.

ಮೋರೇರ ಗುಡ್ಡ

ಗಂಗಾವತಿಯ ಪಶ್ಚಿಮಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಎಂಬ ಊರಿದೆ. ಅಲ್ಲಿನ ಬೆಟ್ಟದ ಮೇಲೆ 400ಕ್ಕೂ ಹೆಚ್ಚು ಕಲ್ಲಿನ ರಚನೆಗಳಿವೆ. ದಪ್ಪ ಚಪ್ಪಡಿಗಳನ್ನು ನಾಲ್ಕು ಕಡೆ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕೋಣೆಗಳು. ಕೆಲವು ಆಳೆತ್ತರ ಮೀರಿವೆ. ಕೆಲವು ಮೊಣಕಾಲಿನ ಮಟ್ಟಕ್ಕಿವೆ. ಕೆಲವು ಕೋಣೆಗಳ ಒಂದು ಚಪ್ಪಡಿಯಲ್ಲಿ ದುಂಡಗಿನ ಕಂಡಿ ಕೊರೆದಿದ್ದಾರೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಕಬ್ಬಿಣ ಬಳಸಲು ಕಲಿತ ಜನ ತಮ್ಮ ಸತ್ತವರಿಗಾಗಿ ಕಟ್ಟಿದ ಮನೆಗಳಿವು. ಊರಿನವರು ಇದನ್ನು ಮೋರೇರ ಗುಡ್ಡ ಎನ್ನುತ್ತಾರೆ. ಮೋರೇರು ಎಂಬ ಗಿಡ್ಡ ಜನ ಇಲ್ಲಿ ವಾಸವಾಗಿದ್ದರೆಂಬುದು ಅವರು ಹೇಳುವ ಕತೆ. ನಿಜಾಮನ ಸೇವೆಯಲ್ಲಿದ್ದ ಮೆಡೋಸ್ ಟೇಲರ್ 19ನೆಯ ಶತಮಾನದಲ್ಲಿ ಈ ಜಾಗದ ಬಗ್ಗೆ ಬರೆದ. ಮುಂದೆ ಅ. ಸುಂದರ ಅವರು ದಕ್ಷಿಣ ಭಾರತದ ಶಿಲಾಕೋಣೆಗಳನ್ನು ಅಭ್ಯಾಸ ಮಾಡುವಾಗ ಇದನ್ನು ವಿವರವಾಗಿ ಪರಿಶೀಲಿಸಿದರು. 2021ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು.

ಆ ಜನರ ಮಾತು ಯಾವುದು, ದೇವರು ಯಾವುದು ಎಂಬುದಕ್ಕೆ ಒಂದು ಅಕ್ಷರದ ಸಾಕ್ಷಿಯೂ ಉಳಿದಿಲ್ಲ. ಆದರೆ ಬೆಟ್ಟದ ಮೇಲೆ ಬಂಡೆ ಸೀಳಿ, ಹೊತ್ತು, ನಿಲ್ಲಿಸಿದ್ದು ಒಬ್ಬರಿಬ್ಬರ ಕೈಯಿಂದ ಆಗುವ ಕೆಲಸವಲ್ಲ. ಊರಿಗೆ ಊರೇ ಸೇರಿ ಹೆಗಲು ಕೊಟ್ಟಿರಬೇಕು. ಜನಾಜಾಕ್ಕೆ ಹೆಗಲು ಕೊಡುವುದು, ಚಟ್ಟಕ್ಕೆ ಹೆಗಲು ಕೊಡುವುದು ಎಂದು ಇಂದಿಗೂ ನಾವು ಹೇಳುತ್ತೇವಲ್ಲ, ಆ ಮಾತಿನ ಅತಿ ಹಳೆಯ ರೂಪ ಅಲ್ಲಿದೆ. ಅದೇ ಬೆಟ್ಟದಲ್ಲಿ ಎತ್ತರದ ಬಂಡೆಯ ಮೇಲೆ ನಗಾರಿಯಾಕಾರದ ಕಲ್ಲೊಂದಿದೆ. ಮರದ ಕೊಡತಿಯಿಂದ ಹೊಡೆದರೆ ಬಹುದೂರ ಕೇಳುತ್ತದೆ. ಕೋಣೆಗಳಿಗೆ ಬೇಕಾದ ಚಪ್ಪಡಿ ಎಬ್ಬಿಸಿದ ಬಂಡೆಯ ಹತ್ತಿರವೇ ಕೆರೆಯೊಂದಿದೆ. ಸತ್ತವರ ಜಾಗದ ಮಗ್ಗುಲಲ್ಲಿ ಬದುಕಿದವರ ನೀರಿತ್ತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಈ ನೀರಿನ ಮಾತು ಮುಂದೆ ಮತ್ತೆ ಬರುತ್ತದೆ.

ಹೆಸರಿಲ್ಲದ ಈ ಮನೆಗಳಿಗೆ ಕಾಲಕ್ಕಿಂತ ದೊಡ್ಡ ಶತ್ರು ಮನುಷ್ಯನ ನಿಧಿಯಾಸೆ. ಕಂಡಿಯೊಳಗೆ ಚಿನ್ನವಿದೆ ಎಂದು ನಂಬಿದವರು ಚಪ್ಪಡಿಗಳನ್ನು ಉರುಳಿಸಿದ್ದಾರೆ. ಇದು ಹಳೆಯ ಕಾಲದ ಮಾತೂ ಅಲ್ಲ. ಅದೇ ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ, ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿ ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಸಮಾಧಿಗಳಿವೆ. ವಿಜಯನಗರದ ಅರಸರ ಕಾಲದ ವ್ಯಾಸರಾಜರದೂ ಅದರಲ್ಲೊಂದು. 2019ರ ಜುಲೈ ತಿಂಗಳ ಒಂದು ರಾತ್ರಿ ನಿಧಿಗಳ್ಳರು ಅದನ್ನು ಅಗೆದು ಕೆಡವಿದರು. ಸುದ್ದಿ ಹಬ್ಬಿದ ಕೂಡಲೇ ಭಕ್ತರು ನದಿ ದಾಟಿ ಬಂದು ಕಲ್ಲು ಕಲ್ಲು ಜೋಡಿಸಿ ತೀರಾ ಕಡಿಮೆ ಸಮಯದಲ್ಲಿ ಅದನ್ನು ಮತ್ತೆ ನಿಲ್ಲಿಸಿದರು. ಐದು ಶತಮಾನ ಹಿಂದೆ ತೀರಿಕೊಂಡವರಿಗೆ ಜನ ಇಂದು ಓಡಿ ಬರುತ್ತಾರೆಂದರೆ ಆ ನೆನಪು ಕಲ್ಲಿನಲ್ಲಷ್ಟೇ ಇರಲಿಲ್ಲ ಎಂದಾಯಿತು. ಮೋರೇರಿಗೆ ಹಾಗೆ ಓಡಿ ಬರುವವರು ಯಾರೂ ಇಲ್ಲ. ಹೆಸರು ಉಳಿದ ಸಮಾಧಿಗೂ ಹೆಸರು ಅಳಿದ ಸಮಾಧಿಗೂ ಇರುವ ವ್ಯತ್ಯಾಸ ಇಷ್ಟೇ.

ಚಾವಯ್ಯ ಕಡೆಸಿದ ಪಾದ

ಕೊಪ್ಪಳ ಒಂದು ಕಾಲಕ್ಕೆ ಕೊಪಣ ಎನಿಸಿಕೊಂಡು ಜೈನರ ದೊಡ್ಡ ತೀರ್ಥವಾಗಿತ್ತು. 'ಕವಿರಾಜಮಾರ್ಗ'ವು ತಿರುಳ್ಗನ್ನಡದ ಸೀಮೆ ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಸಲ್ಲೇಖನ ವ್ರತ ಹಿಡಿದು ದೇಹ ಬಿಡಲು ದೂರದೂರದಿಂದ ಮುನಿಗಳು ಇಲ್ಲಿಗೆ ಬರುತ್ತಿದ್ದರು. ಶಕ 803, ಅಂದರೆ ಕ್ರಿ.ಶ. 881ರ ಒಂದು ಶಾಸನ ಸರ್ವನಂದಿ ಭಟಾರ ಎಂಬ ಮುನಿಯ ಮರಣವನ್ನು ದಾಖಲಿಸುತ್ತದೆ. ಅವರು ಇಲ್ಲಿಗೆ ಬಂದರು, ಊರಿಗೆ ಉಪಕಾರಿಯಾಗಿ ಬಾಳಿದರು, ಬಹುಕಾಲ ತಪಸ್ಸು ಮಾಡಿದರು, ಸನ್ಯಸನದಿಂದ ಮುಡಿಪಿದರು ಎಂಬುದು ಅದರ ಸಾರ. ಬಿರುದು ಬಾವಲಿಗಳ ಹೊಗಳಿಕೆ ತುಂಬಿದ ಶಾಸನಗಳ ನಡುವೆ ಈ ಸರಳ ಮಾತು ಎದ್ದು ಕಾಣುತ್ತದೆ. ಸತ್ತವನ ಬಗ್ಗೆ ಹೇಳಬೇಕಾದ ಮೊದಲ ಮಾತು ಅವನಿಂದ ಊರಿಗೆ ಏನು ಸಿಕ್ಕಿತು ಎಂಬುದೇ ಎಂದು ಬರೆಸಿದವರಿಗೆ ಅನಿಸಿತ್ತು.

ಊರ ಹತ್ತಿರದ ಪಾಲ್ಕಿಗುಂಡು ಬೆಟ್ಟದಲ್ಲಿ ಎರಡು ಬಂಡೆಗಳ ಮೇಲೆ ಪಲ್ಲಕ್ಕಿಯ ಹಾಗೆ ಮತ್ತೊಂದು ಬಂಡೆ ಕೂತಿದೆ. ಅಲ್ಲಿ ಅಶೋಕನ ಶಾಸನವಿದೆ. 1931ರಲ್ಲಿ ಅದು, ಅದರ ಜೊತೆಗೆ ಗವಿಮಠದ ಇನ್ನೊಂದು ಶಾಸನ ಬೆಳಕಿಗೆ ಬಂದ ಮೇಲೆ ಕೊಪ್ಪಳದ ಹೆಸರು ಚರಿತ್ರೆಯ ಪುಸ್ತಕಗಳಿಗೆ ಹೋಯಿತು. ಸಾಮ್ರಾಟನ ಶಾಸನದ ನೆರಳಿನಲ್ಲಿ ಒಂದು ಜೊತೆ ಪಾದಗಳ ಕೆತ್ತನೆಯನ್ನು ಹೆಚ್ಚು ಜನ ಗಮನಿಸಿಲ್ಲ. ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಮಾಡಿಸಿದ ಎಂದು ಅದರ ಬಳಿ ಕನ್ನಡದಲ್ಲಿ ಒಂದು ಸಾಲು ಇದೆ. ಜಟಾಸಿಂಹನಂದಿ ಸಂಸ್ಕೃತದಲ್ಲಿ 'ವರಾಂಗಚರಿತ' ಬರೆದ ಕವಿ. ಆ ಕಾವ್ಯದ ಕರ್ತೃ ಎಲ್ಲಿಯವನೆಂದು ಹುಡುಕುತ್ತಿದ್ದ ವಿದ್ವಾಂಸರಿಗೆ ದಾರಿ ತೋರಿದ್ದು ಈ ಸಾಲೇ.

ಚಾವಯ್ಯ ಗುರುವಿನ ಮುಖ ಕೆತ್ತಿಸಲಿಲ್ಲ, ಗ್ರಂಥಗಳ ಪಟ್ಟಿ ಬರೆಸಲಿಲ್ಲ. ಪಾದ ಕಡೆಸಿದ, ಎರಡು ಹೆಸರು ಬರೆಸಿದ. ತಾನು ಯಾರು, ಯಾವ ಊರಿನವನು, ಏನು ಕೆಲಸ ಎಂಬುದನ್ನೂ ಹೇಳಿಕೊಳ್ಳಲಿಲ್ಲ. ಬಾಗಿ ಮುಟ್ಟಬೇಕಾದ ಪಾದ ಕಣ್ಣೆದುರು ಇಲ್ಲದಾಗ ಬಂಡೆಯಲ್ಲಿ ಅದನ್ನು ಕಡೆಸಿ ಬಾಗಿದ ಮನುಷ್ಯ ಎಂಬುದಷ್ಟೇ ಅವನ ಪರಿಚಯ. ಪರೋಕ್ಷವಿನಯಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನಮಗೆ ಗೊತ್ತಿಲ್ಲ.

ಇಟಗಿಯ ಮಗ

ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ಬಲ್ಲದವರಿಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇದನ್ನು ಕಟ್ಟಿಸಿದ. ಅಲ್ಲಿಯ ಶಾಸನವೇ ಇದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಬಳಪದ ಕಲ್ಲಿನ ಕಂಬಗಳ ಹೊಳಪು, ಮಕರತೋರಣ, ಶಿಖರಗಳ ಸೊಬಗಿನ ಬಗ್ಗೆ ಬರೆದವರು ಬಹಳ. ನಮಗೆ ಇಲ್ಲಿ ಬೇಕಾದದ್ದು ದೊಡ್ಡ ಗುಡಿಯ ಆವರಣದಲ್ಲಿರುವ ಚಿಕ್ಕ ಗುಡಿಗಳು.

ಮಹಾದೇವ ದಂಡನಾಯಕ ತನ್ನ ತಂದೆಯ ನೆನಪಿಗೆ ಮೂರ್ತಿನಾರಾಯಣ ಗುಡಿಯನ್ನೂ ತಾಯಿ ಚಂದ್ರಬ್ಬೆಯ ನೆನಪಿಗೆ ಆಕೆಯ ಹೆಸರಿನ ಮತ್ತೊಂದು ಗುಡಿಯನ್ನೂ ಅಲ್ಲಿ ಕಟ್ಟಿಸಿದ. ಅವನು ಸೇನೆ ನಡೆಸಿದವನು. ಯುದ್ಧಭೂಮಿಯಲ್ಲಿ ಎಷ್ಟು ತಾಯಂದಿರ ಮಕ್ಕಳು ಬಿದ್ದದ್ದನ್ನು ಕಂಡಿದ್ದನೋ! ಆದರೆ ತನ್ನ ತಾಯಿ ತಂದೆಯ ವಿಷಯಕ್ಕೆ ಬಂದಾಗ ಅವನೂ ಒಬ್ಬ ಮಗನಷ್ಟೇ. ಚಂದ್ರಬ್ಬೆ ರಾಣಿಯಲ್ಲ, ವೀರವನಿತೆಯೆಂದು ಪಠ್ಯಪುಸ್ತಕ ಸೇರಿದವಳಲ್ಲ. ಒಬ್ಬ ಮಗನಿಗೆ ತಾಯಿಯಾಗಿದ್ದಳು ಎಂಬ ಕಾರಣಕ್ಕೆ ಅವಳ ಹೆಸರು ಒಂಬತ್ತು ಶತಮಾನ ದಾಟಿ ನಮ್ಮವರೆಗೆ ಬಂದಿದೆ. ಇಟಗಿಯ ಶಾಸನವಾದ ಆರು ವರ್ಷಕ್ಕೆ, 1118ರಲ್ಲಿ, ಶ್ರವಣಬೆಳಗೊಳದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿ ಕಟ್ಟಿಸಿದ. ಇಬ್ಬರ ಅರಸರೂ ಬೇರೆ, ಧರ್ಮಗಳೂ ಬೇರೆ. ತಾಯಿಯ ಋಣದ ಎದುರು ಇಬ್ಬರೂ ಮಾಡಿದ್ದು ಒಂದೇ.

ಇಟಗಿಯಲ್ಲಿ ಗುಡಿಗಳ ಮುಂದೆ ಮೆಟ್ಟಿಲುಗಳುಳ್ಳ ದೊಡ್ಡ ಪುಷ್ಕರಿಣಿ ಇದೆ. ಮಳೆ ಕಡಿಮೆಯ ಎರೆಸೀಮೆಯಲ್ಲಿ ನೀರಿಗಿಂತ ದೊಡ್ಡ ದಾನ ಯಾವುದು? ಇಲ್ಲಿ ನಮಗೆ ಮದೀನಾದ ಒಂದು ಪ್ರಸಂಗ ನೆನಪಾಗುತ್ತದೆ. ಪ್ರವಾದಿಯವರ ಸಂಗಾತಿ ಸಅದ್ ಬಿನ್ ಉಬಾದಾ ಅವರ ತಾಯಿ ತೀರಿಕೊಂಡರು. ತಾಯಿಯ ಪರವಾಗಿ ಯಾವ ದಾನ ಮಾಡಿದರೆ ಉತ್ತಮ ಎಂದು ಅವರು ಕೇಳಿದರು. ನೀರು ಎಂಬ ಉತ್ತರ ಬಂತು. ಅವರು ಬಾವಿ ತೋಡಿಸಿ, ಇದು ಸಅದನ ತಾಯಿಗೆ ಎಂದು ಹೇಳಿದರು. ಮನುಷ್ಯ ಸತ್ತ ಮೇಲೂ ಮುಗಿಯದ ಮೂರು ಲೆಕ್ಕಗಳಿವೆ, ಹರಿಯುತ್ತಲೇ ಇರುವ ದಾನ, ಜನರಿಗೆ ಉಪಯೋಗವಾಗುವ ಜ್ಞಾನ, ಪ್ರಾರ್ಥಿಸುವ ಸಂತಾನ ಎಂಬ ಹದೀಸನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಸದ್ಕಾ-ಎ-ಜಾರಿಯಾ ಎಂದರೆ ಅದೇ. ಸರ್ವನಂದಿಯ ಶಾಸನ, ಇಟಗಿಯ ಕೊಳ, ಮದೀನಾದ ಬಾವಿ ಒಂದನ್ನೊಂದು ಬಲ್ಲವಲ್ಲ. ಆದರೂ ದುಃಖವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಅವು ಕೊಡುವ ಉತ್ತರ ಒಂದೇ: ಬದುಕಿರುವ ಯಾರಿಗಾದರೂ ಉಪಯೋಗವಾಗುವ ಹಾಗೆ ಮಾಡು.

ಕತ್ತಲ ರಾತ್ರಿ

ದಂಡನಾಯಕನಿಗೆ ಗುಡಿ ಕಟ್ಟಿಸುವ ಶಕ್ತಿ ಇತ್ತು. ಬಡವರು ಏನು ಮಾಡಬೇಕು? ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಇದಕ್ಕೆ ಉತ್ತರವಾಗಿ ಮೊಹರಂ ಇದೆ. ಕ್ರಿ.ಶ. 680ರಲ್ಲಿ, ಹಿಜರಿ 61ರ ಮೊಹರಂ ಹತ್ತರಂದು, ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಹತರಾದರು. ನೀರಿನ ದಾರಿ ಮುಚ್ಚಲಾಗಿತ್ತು. ಯೂಫ್ರೆಟಿಸ್ ಕಣ್ಣೆದುರು ಹರಿಯುತ್ತಿದ್ದರೂ ಮಕ್ಕಳು ಬಾಯಾರಿದ್ದರು. ನೀರು ತರಲು ಹೋದ ತಮ್ಮ ಅಬ್ಬಾಸರು ಹಿಂದಿರುಗಲಿಲ್ಲ. ಸೆರೆಯಾದ ಹೆಂಗಸರು ಮಕ್ಕಳ ಜೊತೆ ನಡೆದ ತಂಗಿ ಜೈನಬರು ಕೂಫಾದಲ್ಲೂ ದಮಾಸ್ಕಸ್ಸಿನಲ್ಲೂ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಕರ್ಬಲಾ ಇಂದಿಗೂ ಜಗತ್ತಿಗೆ ಗೊತ್ತಿದ್ದರೆ ಅದಕ್ಕೆ ಅಣ್ಣನನ್ನು ಕಳೆದುಕೊಂಡ ಆ ತಂಗಿ ಬಾಯಿ ಮುಚ್ಚಲಿಲ್ಲ ಎಂಬುದೇ ಮುಖ್ಯ ಕಾರಣ.

ಆ ದುಃಖ ನಮ್ಮ ಎರೆಭೂಮಿಗೆ ಬಂದು ಕನ್ನಡವಾಯಿತು. ಪಂಜಾ ಕೂರಿಸುವುದು, ಅಲಾಯಿ ಕುಣಿ ತೋಡಿ ಬೆಂಕಿ ಹಾಕುವುದು, ಹರಕೆ ಹೊತ್ತು ಫಕೀರರಾಗುವುದು, ಚೊಂಗ್ಯಾ ಮಾಡುವುದು, ಹೆಜ್ಜೆ ಹಾಕಿ ರಿವಾಯತ್ ಪದ ಹಾಡುವುದು. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಯಲ್ಲೂ ಇದು ನಡೆಯುತ್ತದೆ. ಕುಷ್ಟಗಿಯ ನೆರೆಯ ಮುದಗಲ್ಲಿನ ಮೊಹರಂಗೆ ಹೋಗದ ಹಳ್ಳಿಯೇ ಈ ಭಾಗದಲ್ಲಿ ಇರಲಿಕ್ಕಿಲ್ಲ. ರಿವಾಯತ್ ಪದಗಳಲ್ಲಿ ಕರ್ಬಲಾದ ಮರಳು ನಮ್ಮ ಹೊಲದ ಮಣ್ಣಿನಷ್ಟೇ ಹತ್ತಿರದ್ದು. 'ಖತಲ್ ರಾತ್' ಎಂಬ ಉರ್ದು ಮಾತು ಕನ್ನಡಿಗರ ಕಿವಿಯಲ್ಲಿ 'ಕತ್ತಲ ರಾತ್ರಿ' ಆಯಿತು. ಕೊಲೆಯ ರಾತ್ರಿ ಕತ್ತಲೆಯ ರಾತ್ರಿಯಾದದ್ದರಲ್ಲಿ ತಪ್ಪೇನಿದೆ? ಅರ್ಥ ಗೊತ್ತಿಲ್ಲದವರೂ ಭಾವವನ್ನು ಸರಿಯಾಗಿ ಹಿಡಿದಿದ್ದಾರೆ.

ಈ ಆಚರಣೆಯ ಬಗ್ಗೆ ನಮ್ಮೊಳಗೆ ಭಿನ್ನಾಭಿಪ್ರಾಯವಿದೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಬೆಂಕಿ, ವೇಷ, ಪಂಜಾ ಇವು ಧರ್ಮದಲ್ಲಿಲ್ಲ ಎನ್ನುವವರ ಮಾತಿಗೆ ಅದರದೇ ಆಧಾರಗಳಿವೆ. ಪ್ರವಾದಿಯವರು ಬಟ್ಟೆ ಹರಿದುಕೊಂಡು ಎದೆ ಬಡಿದುಕೊಳ್ಳುವುದನ್ನು ತಡೆದರು, ನಿಜ. ಅದೇ ಪ್ರವಾದಿಯವರು ಎಳೆಯ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಹಾಕಿದರು, ಅದೂ ನಿಜ. ರೂಪದ ಬಗ್ಗೆ ವಾದಿಸುವವರು ವಾದಿಸಲಿ. ಆದರೆ ಲಿಂಗಾಯತರ, ಕುರುಬರ, ಬೇಡರ, ಮಾದಿಗರ ಮನೆಯ ಹುಡುಗನೊಬ್ಬ ಸಾವಿರಾರು ಮೈಲಿ ದೂರದ ಯಾರದೋ ಮಗುವಿನ ಬಾಯಾರಿಕೆಗೆ ಅಳುತ್ತಾನೆ, ಆ ಹೆಸರಿನಲ್ಲಿ ದಾರಿಹೋಕರಿಗೆ ಶರಬತ್ತು ಕೊಡುತ್ತಾನೆ ಎಂಬ ಸಂಗತಿಯನ್ನು ಲಘುವಾಗಿ ನೋಡಬಾರದು. ಬೇರೆಯವರ ಸತ್ತವರಿಗೆ ಅಳಬಲ್ಲ ಜನ ಬೇರೆಯವರನ್ನು ಕೊಲ್ಲಲು ಸುಲಭಕ್ಕೆ ಹೊರಡುವುದಿಲ್ಲ.

ಕಲ್ಲಿಲ್ಲದವರು

ಸುಲಭಕ್ಕೆ ಹೊರಡುವುದಿಲ್ಲ ಎಂದೆವು. ಎಂದೂ ಹೊರಡಲಿಲ್ಲ ಎನ್ನಲಾರೆವು. ಕೊಪ್ಪಳ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ನಾಲ್ಕು ತಾಲೂಕುಗಳು ರಾಯಚೂರು ಜಿಲ್ಲೆಯವು. 1947-48ರಲ್ಲಿ ಕಾಸಿಂ ರಜವಿಯ ರಜಾಕಾರರು ಸಂಸ್ಥಾನದ ಹಳ್ಳಿಗಳನ್ನು ಸುಲಿದರು, ಮನೆಗಳನ್ನು ಸುಟ್ಟರು, ಕೊಂದರು. ಜನ ಗಡಿ ದಾಟಿ ಓಡಿದರು. ಅಳವಂಡಿಯ ಶಿವಮೂರ್ತಿಸ್ವಾಮಿಯವರ ಮುಂದಾಳುತನದಲ್ಲಿ ಮುಂಡರಗಿಯ ಶಿಬಿರದಿಂದ ಹೋರಾಟ ನಡೆಯಿತು. ಹೈದರಾಬಾದಿನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ರಜಾಕಾರರ ವಿರುದ್ಧ ಬರೆದದ್ದಕ್ಕೆ 1948ರ ಆಗಸ್ಟಿನಲ್ಲಿ ಅವರನ್ನು ಕೊಂದರು.

ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂತು, ಸಂಸ್ಥಾನ ಮುಗಿಯಿತು. ಅದರ ಬೆನ್ನಿಗೇ ಹಲವು ಕಡೆ ಮುಸ್ಲಿಮರ ಕೊಲೆಗಳಾದವು. ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರ ತಂಡ ಅದೇ ವರ್ಷದ ಕೊನೆಗೆ ಸಂಸ್ಥಾನದಲ್ಲಿ ಓಡಾಡಿ, ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ ಹೆಚ್ಚು ಸಾವಾದವೆಂದು ಹೇಳಿತು. ರಜಾಕಾರರ ಕ್ರೌರ್ಯವನ್ನೂ, ತಮ್ಮ ಮುಸ್ಲಿಂ ನೆರೆಯವರನ್ನು ಪ್ರಾಣ ಪಣಕ್ಕಿಟ್ಟು ಉಳಿಸಿದ ಹಿಂದೂಗಳನ್ನೂ ಅದು ದಾಖಲಿಸಿತು. ಈ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದಲು ಸಿಗುವಂತಾಯಿತು.

ರಾಯಚೂರು ಜಿಲ್ಲೆ ಆ ವರದಿಯ ಹೆಚ್ಚು ಹಾನಿಯ ಪಟ್ಟಿಯಲ್ಲಿಲ್ಲ. ಆದರೆ ಸಂಬಂಧಗಳು ಜಿಲ್ಲೆಯ ಗಡಿಯನ್ನು ಕೇಳಿ ಬೆಳೆಯುವುದಿಲ್ಲ. ಗುಲಬರ್ಗಾದ ಮಗಳು ಕುಷ್ಟಗಿಯ ಸೊಸೆ. ಬೀದರಿನ ಸೋದರಮಾವ ಗಂಗಾವತಿಯ ಮನೆಗೆ ಬೇಕಾದವನು. ಅಂಥ ಮನೆಗಳಲ್ಲಿ ಆ ದಿನಗಳ ಮಾತು ಬಂದಾಗ ಹಿರಿಯರು ಬಳಸುತ್ತಿದ್ದ ಪದ 'ಸತ್ತರು' ಎಂದಲ್ಲ, 'ಗಾಯಬ್ ಆದರು' ಎಂದು. ಮಯ್ಯತ್ತಿಗೆ ಸ್ನಾನವಿಲ್ಲ, ಕಫನ್ ಇಲ್ಲ, ಕಬರಿಲ್ಲ. ಜಿಯಾರತ್ ಯಾವ ದಿನ, ಚಾಳೀಸವಾಂ ಯಾವ ದಿನ, ಲೆಕ್ಕ ಹಾಕಲು ಸತ್ತ ತಾರೀಖೇ ಇಲ್ಲ. ಮಣ್ಣು ಹಾಕದ ದುಃಖಕ್ಕೆ ಮುಗಿತಾಯವೆಲ್ಲಿ? ರಜಾಕಾರರ ಭಯಕ್ಕೆ ಊರು ಬಿಟ್ಟು ಹಿಂದಿರುಗದೆ ಹೋದವರ ಮನೆಗಳಲ್ಲೂ ಇದೇ ಕತೆ. ಹಿರೇರ ಹಬ್ಬಕ್ಕೆ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವಾಗ ಆ ಒಬ್ಬನನ್ನು ಸತ್ತವರ ಸಾಲಿಗೆ ಸೇರಿಸಬೇಕೋ ಬೇಡವೋ ಎಂಬ ಸಂಕಟ. 2020, 2021ರ ಕೊರೋನಾ ಕಾಲದಲ್ಲಿ ಆಸ್ಪತ್ರೆಯಿಂದ ನೇರವಾಗಿ ಮಣ್ಣಿಗೋ ಬೆಂಕಿಗೋ ಹೋದ ತಮ್ಮವರ ಮುಖ ನೋಡಲಾಗದ ಕುಟುಂಬಗಳು ಆ ಸಂಕಟದ ಒಂದು ತುಣುಕನ್ನು ಕಂಡವು.

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಈ ಭಾಗದಲ್ಲಿ ಧ್ವಜ ಏರುತ್ತದೆ. ವಿಮೋಚನಾ ದಿನವಾಗಿದ್ದ ಅದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಹೋರಾಡಿದವರನ್ನು ನೆನೆಯುವುದು ನ್ಯಾಯವೇ. ಅದೇ ದಿನ ಎರಡೂ ಕಡೆಯ ಕಲ್ಲಿಲ್ಲದವರಿಗೂ ಒಂದು ನಿಮಿಷ ಮೌನವಿದ್ದರೆ ಯಾರ ಹೋರಾಟವೂ ಸಣ್ಣದಾಗುವುದಿಲ್ಲ. ನನ್ನವರ ಸಾವಿಗೆ ದುಃಖ, ನಿನ್ನವರ ಸಾವಿಗೆ ಲೆಕ್ಕ ಎನ್ನುವುದು ಕೊಪಣದ ಸಂಪ್ರದಾಯವಲ್ಲ. ರಿವಾಯತ್ ಹಾಡುವ ಹಳ್ಳಿಗಳದ್ದೂ ಅಲ್ಲ.

ದೂರದಲ್ಲಿ ತೀರಿಕೊಂಡವರಿಗೆ ಗಾಯಿಬಾನಾ ನಮಾಜ್ ಎಂಬುದಿದೆ. ಅಬಿಸೀನಿಯಾದ ದೊರೆ ನಜಾಶಿ ಸತ್ತಾಗ ಪ್ರವಾದಿಯವರು ಮದೀನಾದಲ್ಲಿ ಜನಾಜಾ ನಮಾಜು ಮಾಡಿದ್ದು ಅದಕ್ಕೆ ಮೂಲ. ಎಲ್ಲ ಮಜ್‌ಹಬ್‌ಗಳೂ ಇದನ್ನು ಒಪ್ಪುವುದಿಲ್ಲ, ಅದು ಪಂಡಿತರಿಗೆ ಬಿಟ್ಟದ್ದು. ಆದರೆ ಕಣ್ಣೆದುರಿಲ್ಲದವನಿಗೆ ಸಲ್ಲಬೇಕಾದದ್ದು ಬಾಕಿ ಇದೆ ಎಂಬ ಅರಿವನ್ನು ಯಾವ ಮಜ್‌ಹಬ್ಬೂ ಅಲ್ಲಗಳೆದಿಲ್ಲ.

ಈ ಬಾಕಿ ತೀರಿಸಲು ನಮಗೆ ಹೆಚ್ಚು ಸಮಯವಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ 85 ದಾಟಿದೆ. ನಮ್ಮ ಓಣಿಯಲ್ಲೋ ಪಕ್ಕದ ಹಳ್ಳಿಯಲ್ಲೋ ಅಂಥವರು ಇನ್ನೂ ಇದ್ದಾರೆ. ಅವರ ಹತ್ತಿರ ಕೂತು, ಯಾರು ಹೋದರು, ಯಾವ ಊರಿನವರು, ಏನು ಕೆಲಸ ಮಾಡುತ್ತಿದ್ದರು, ಯಾರು ಕಾಪಾಡಿದರು ಎಂದು ಕೇಳಬೇಕು. ದ್ವೇಷಕ್ಕೆ ಸಾಕ್ಷಿ ಹುಡುಕಲು ಅಲ್ಲ; ಹೆಸರು ಬರೆದಿಟ್ಟುಕೊಳ್ಳಲು. ಚಾವಯ್ಯ ಬರೆಸಿದ್ದು ಎರಡು ಹೆಸರು ಮಾತ್ರ. ನಮಗೆ ಬಂಡೆ ಬೇಕಿಲ್ಲ, ಮಕ್ಕಳ ನೂರು ಪುಟದ ನೋಟ್‌ಬುಕ್ ಸಾಕು. ಬರೆದ ಮೇಲೆ ಶಕ್ತಿಯಿದ್ದವರು ಆ ಹೆಸರಿನಲ್ಲಿ ಊರ ಶಾಲೆಗೆ ಕುಡಿಯುವ ನೀರಿನ ಒಂದು ತೊಟ್ಟಿ ಕಟ್ಟಿಸಲಿ.